ಸಹಿ ಯಾರದು?

ಹೋದ ತಿಂಗಳ ಒಂದು ಭಾನುವಾರ ಚಿತ್ರದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಸಭೆ ಸೇರಿತ್ತು. ಸಭೆ ಎಂದರೆ ಮೈಕು, ಹಾರ, ಅಧ್ಯಕ್ಷರು ಇರುವ ಸಭೆಯಲ್ಲ. ಮಂಡಕ್ಕಿ, ಮೆಣಸಿನಕಾಯಿ ಬೋಂಡ ಮುಂದಿಟ್ಟುಕೊಂಡು ಮನೆಮಂದಿಯೆಲ್ಲ ಒಟ್ಟಿಗೇ ಮಾತಾಡುವ ಸಭೆ. ವಿಷಯ ಒಂದೇ: ಏಳು ತಿಂಗಳ ಬಸುರಿಯಾದ ನಮ್ಮ ಮೊಮ್ಮಗಳ ಹೆರಿಗೆ ಎಲ್ಲಿ ಆಗಬೇಕು?

ಮೊಮ್ಮಗಳ ತಾಯಿ, ಅಂದರೆ ನನ್ನ ಮಗಳು, "ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ" ಅಂದಳು. ಹೊಸದುರ್ಗದಿಂದ ಬಂದಿದ್ದ ಬೀಗರು ತಮಗೆ ಗೊತ್ತಿರುವ ಡಾಕ್ಟರೊಬ್ಬರ ಕೈಗುಣವನ್ನು ಹೊಗಳಿದರು. ಬೀಗಿತ್ತಿ ಪಂಚಾಂಗ ತೆರೆದು ಒಳ್ಳೆಯ ನಕ್ಷತ್ರ ಹುಡುಕತೊಡಗಿದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮೊಮ್ಮಗಳ ಗಂಡ, "ಸಿಸೇರಿಯನ್ ಆದರೆ ದಿನ ಮೊದಲೇ ಗೊತ್ತಿರುತ್ತೆ, ರಜೆ ಹಾಕೋಕೆ ಅನುಕೂಲ" ಅಂದ. ನನ್ನ ಮಗನದು ಖರ್ಚಿನ ಲೆಕ್ಕ. ನಾನೂ ಸುಮ್ಮನಿರಲಿಲ್ಲ. "ಮರಿಮಗು ದುರ್ಗದಲ್ಲೇ ಹುಟ್ಟಲಿ. ಕೋಟೆ ಕಾಣುವ ಊರಲ್ಲಿ ಕಣ್ಣು ಬಿಡೋದು ಅಂದ್ರೆ ಸಾಮಾನ್ಯವಾ?" ಎಂದು ನನ್ನದೂ ಒಂದು ಸೇರಿಸಿದೆ.

ನನ್ನ ಮಗನ ಮಗ ಆರನೇ ತರಗತಿಯವನು. ಅಜ್ಜ ಬ್ಯಾಂಕಿನಲ್ಲಿದ್ದವನು ಎಂದು ಅವನಿಗೆ ಭಾರಿ ಹೆಮ್ಮೆ. ಗಣಿತದ ನೋಟುಬುಕ್ಕಿನ ಕೊನೆಯ ಹಾಳೆಗೆ ಸ್ಕೇಲಿನಿಂದ ಗೆರೆ ಎಳೆದು 'ಹೆಸರು', 'ಅಭಿಪ್ರಾಯ' ಎಂದು ಎರಡು ಕಾಲಂ ಮಾಡಿ ಎಲ್ಲರ ಮಾತನ್ನೂ ಬರೆದುಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿಗೆ ತಲೆ ಕೆರೆದುಕೊಂಡ.

"ಅಜ್ಜ, ಲೆಕ್ಕ ಸರಿಹೋಗ್ತಿಲ್ಲ. ಅಕ್ಕನ ಹೆಸರು ಮೊದಲನೇ ಸಾಲಲ್ಲೇ ಬರೆದಿದೀನಿ. ಅದರ ಮುಂದೆ ಏನೂ ಇಲ್ಲ, ಖಾಲಿ ಇದೆ."

ಅವನ ಅಕ್ಕ, ಅಂದರೆ ಹೆರಬೇಕಾದ ಹುಡುಗಿ, ಅದೇ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಎಲ್ಲರೂ ಒಮ್ಮೆ ಅವಳ ಕಡೆ ನೋಡಿದರು. ಅಷ್ಟರಲ್ಲಿ ಕಾಫಿ ಬಂತು. ಮಾತು ಬೇರೆ ಕಡೆ ಹೊರಳಿತು. ನನಗೆ ಮಾತ್ರ ಕಾಫಿ ರುಚಿಸಲಿಲ್ಲ. ಆ ಖಾಲಿ ಜಾಗ ನನ್ನನ್ನು ಬಹಳ ಹಿಂದಕ್ಕೆ ಕರೆದುಕೊಂಡು ಹೋಯಿತು.

ಮಕ್ಕಳೇ, ನಾನು ಬಿ.ಕಾಂ. ಮುಗಿಸಿ 1974ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ ಎಂದು ಜಿಲ್ಲೆಯೊಳಗೇ ಸುತ್ತಿ 2010ರಲ್ಲಿ ನಿವೃತ್ತನಾದೆ. ಕೌಂಟರಿನಲ್ಲಿ ಕೂತವನಿಗೆ ಮೊದಲ ಪಾಠ ಒಂದೇ: ಖಾತೆ ಯಾರದೋ ಸಹಿ ಅವರದೇ. ತಾಯಿಯ ಪಾಸ್‌ಬುಕ್ ಹಿಡಿದು ಮಗ ಬಂದರೂ, ಹೆಂಡತಿಯ ಪಾಸ್‌ಬುಕ್ ಹಿಡಿದು ಗಂಡ ಬಂದರೂ, ಖಾತೆದಾರರ ಸಹಿ ಇಲ್ಲದೆ ಹತ್ತು ರೂಪಾಯಿಯನ್ನೂ ಕೊಡುವಂತಿರಲಿಲ್ಲ. "ನಮ್ಮವ್ವನ ದುಡ್ಡು ಕಣ್ರೀ, ನಾನೇನು ಕಳ್ಳನಾ?" ಎಂದು ಜಗಳಕ್ಕೆ ಬಂದವರಿದ್ದಾರೆ. ನಾನು ಮಣಿದವನಲ್ಲ. ಓದುಬರಹ ಬಾರದ ಅಜ್ಜಿಯರು ಬಂದರೆ ಇನ್ನೂ ಎಚ್ಚರ ಬೇಕು. ಕಾಗದದಲ್ಲಿ ಏನಿದೆ ಎಂದು ಅವರಿಗೆ ತಿಳಿಯುವ ಮಾತಿನಲ್ಲಿ ಓದಿ ಹೇಳಬೇಕು, ಅವರು ಹೂಂ ಅನ್ನಬೇಕು, ಆಮೇಲೆ ಹೆಬ್ಬೆಟ್ಟು. ಈ ವಿಷಯದಲ್ಲಿ ನನ್ನಷ್ಟು ಕಟ್ಟುನಿಟ್ಟಿನವನು ಶಾಖೆಯಲ್ಲಿ ಇನ್ನೊಬ್ಬನಿರಲಿಲ್ಲ ಎಂದು ಎದೆಯುಬ್ಬಿಸಿಕೊಂಡು ಓಡಾಡಿದವನು ನಾನು.

ಈಗ 1979ರ ಮಾತು ಹೇಳುತ್ತೇನೆ. ಆಗ ನಾನು ಹೊಸದುರ್ಗದ ಶಾಖೆಯಲ್ಲಿದ್ದೆ. ನಮ್ಮಾಕೆಯ ತವರು ಹೊಳಲ್ಕೆರೆ ಹತ್ತಿರದ ಒಂದು ಹಳ್ಳಿ. ಮೊದಲ ಹೆರಿಗೆಗೆಂದು ಅಲ್ಲಿಗೆ ಹೋಗಿದ್ದಳು. ಆ ಊರಲ್ಲಿ ನುರಿತ ಸೂಲಗಿತ್ತಿಯೊಬ್ಬರಿದ್ದರು. ನಮ್ಮಾಕೆ ಹುಟ್ಟಿದ್ದೂ ಅವರ ಕೈಯಲ್ಲೇ. ನಾನು ಓದಿದವನಲ್ಲವೇ? "ಆಸ್ಪತ್ರೆಯಲ್ಲೇ ಆಗಬೇಕು" ಎಂದು ಅತ್ತೆ ಮಾವನಿಗೆ ಖಂಡಿತವಾಗಿ ಹೇಳಿದೆ. ಆ ಮಾತು ತಪ್ಪಲ್ಲ ಎಂದು ಈಗಲೂ ನಂಬುತ್ತೇನೆ. ಆದರೆ ಆ ಮಾತನ್ನು ನಾನು ಆಡಿದ್ದು ಅತ್ತೆಯ ಹತ್ತಿರ, ಮಾವನ ಹತ್ತಿರ, ನಮ್ಮ ಅವ್ವನ ಹತ್ತಿರ. ಹೆರುವವಳ ಹತ್ತಿರ ಅಲ್ಲ.

ಅವಳು ನನ್ನನ್ನು ಕೇಳಿಕೊಂಡಿದ್ದು ಒಂದೇ: "ಆಸ್ಪತ್ರೆಗೇ ಹೋಗೋಣ ರೀ. ಆದ್ರೆ ನಮ್ಮಕ್ಕ ಜೊತೆಗಿರಲಿ." ನಾನು "ಆಯ್ತು ಆಯ್ತು" ಅಂದೆ, ಮರೆತೆ.

ಬೇನೆ ಶುರುವಾದಾಗ ರಾತ್ರಿ. ಆಸ್ಪತ್ರೆಯ ಬಾಗಿಲಲ್ಲೇ ಅಕ್ಕನನ್ನು ತಡೆದರು. ನಾನು ಒಂದು ಮಾತೂ ಆಡಲಿಲ್ಲ. ಯಾರೋ ಒಂದು ಕಾಗದ ತಂದು "ಗಂಡ ಯಾರು? ಇಲ್ಲಿ ಸಹಿ ಹಾಕಿ" ಅಂದರು. ಜೇಬಿನಿಂದ ಪೆನ್ನು ತೆಗೆದು ಹಾಕಿಕೊಟ್ಟೆ. ಓದಲಿಲ್ಲ. ಬೆಳಗಿನ ಜಾವ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ. ಸಕ್ಕರೆ ಹಂಚಿದೆ. ಎಲ್ಲ ಸುಸೂತ್ರವಾಯಿತು ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಸುಸೂತ್ರ ಎಂದಿದ್ದು ನಾನು. ನಮ್ಮಾಕೆ ಆ ರಾತ್ರಿಯ ಬಗ್ಗೆ ಬಾಯಿ ಬಿಟ್ಟಿದ್ದು ನಾನು ನಿವೃತ್ತನಾದ ಮೇಲೆ. ಒಂದು ಸಂಜೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ, ಯಾಕೆ ನೆನಪಾಯಿತೋ, ತಾನಾಗಿಯೇ ಹೇಳಿದಳು.

"ಎದ್ದು ನಾಲ್ಕು ಹೆಜ್ಜೆ ಓಡಾಡಿದ್ರೆ ನೋವು ತಡ್ಕೊಳ್ತೀನಿ ಅಂದೆ. ಬಿಡಲಿಲ್ಲ. ಕೂಗಿದ್ರೆ ಗದರಿದ್ರು. ಏನು ಮಾಡ್ತಾರೆ, ಯಾಕೆ ಮಾಡ್ತಾರೆ, ಒಂದೂ ಹೇಳಲಿಲ್ಲ. ಇಡೀ ರಾತ್ರಿ ಯಾರೂ ನನ್ನ ಹೆಸರು ಹಿಡಿದು ಕರೀಲಿಲ್ಲ. ಅಕ್ಕ ಬಾಗಿಲ ಆಚೆ ಅಳ್ತಿದ್ದದ್ದು ಕೇಳಿಸ್ತಿತ್ತು." ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಅವತ್ತು ನೀವು ಸಹಿ ಹಾಕಿದ್ರಲ್ಲ, ಏನು ಕಾಗದ ಅದು?"

"ಗೊತ್ತಿಲ್ಲ" ಅಂದೆ.

ಬೇರೆಯವರ ಹತ್ತು ರೂಪಾಯಿಗೆ ಸಹಿ ಕೇಳುತ್ತಿದ್ದವನು ನನ್ನ ಹೆಂಡತಿಯ ಜೀವದ ಕಾಗದಕ್ಕೆ ಓದದೆ ರುಜು ಹಾಕಿಕೊಟ್ಟಿದ್ದೆ. ಅವರೆಕಾಯಿ ಸಿಪ್ಪೆ ಬಾಚಿಕೊಂಡು ಅವಳು ಒಳಗೆ ಹೋದಳು. ನಾನು ಕೂತೇ ಇದ್ದೆ.

ಇನ್ನೊಂದು ಸಂಗತಿ. ಅದು 1983 ಇರಬೇಕು, ಹಿರಿಯೂರು ಶಾಖೆಯಲ್ಲಿದ್ದೆ. ಐಆರ್‌ಡಿಪಿ ಯೋಜನೆಯಲ್ಲಿ ಬಡವರಿಗೆ ಕುರಿಸಾಲ ಕೊಡುತ್ತಿದ್ದ ಕಾಲ. ಫೀಲ್ಡ್ ಆಫೀಸರ್ ಜೊತೆ ಒಂದು ಗೊಲ್ಲರಹಟ್ಟಿಗೆ ಹೋಗಿದ್ದೆ. ನಮ್ಮ ಜಿಲ್ಲೆಯಲ್ಲಿ ಕಾಡುಗೊಲ್ಲರ ಹಟ್ಟಿಗಳು ಬಹಳ. ಜುಂಜಪ್ಪನ ಒಕ್ಕಲು, ಕುರಿ ಸಾಕಿ ಬಾಳಿದವರು, ರಾತ್ರಿಯಿಡೀ ಕಥೆ ಹಾಡಬಲ್ಲವರು. ಅವರಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಹಿಂದಿನಿಂದ ಬಂದಿತ್ತು. ಸಾಲ ಮಂಜೂರಾಗಿದ್ದು ಹೆಣ್ಣುಮಗಳೊಬ್ಬಳ ಹೆಸರಿಗೆ. "ಎಲ್ಲಿದಾಳಪ್ಪ?" ಎಂದರೆ ಅವಳ ಗಂಡ ಹಟ್ಟಿಯ ಆಚೆ ಕೈ ತೋರಿಸಿದ. ತೆಂಗಿನ ಗರಿ ಹೊದಿಸಿದ ಒಂದು ಗುಡಿಸಲು. ಬಗ್ಗಿಯೇ ಒಳಗೆ ಹೋಗಬೇಕು. ಒಳಗೆ ಕಂಬಳಿಯಲ್ಲಿ ಸುತ್ತಿದ ಹಸುಗೂಸು, ಪಕ್ಕದಲ್ಲಿ ಇಪ್ಪತ್ತು ವರ್ಷದ ತಾಯಿ. ಹೊರಗೆ ಜಿಟಿಜಿಟಿ ಮಳೆ.

ಹಟ್ಟಿಯ ಹಿರಿಯರು ಹೇಳಿದಂತೆ ಕಾಗದವನ್ನೂ ಇಂಕ್ ಪ್ಯಾಡನ್ನೂ ಒಂದು ಕಲ್ಲಿನ ಮೇಲಿಟ್ಟು ದೂರ ನಿಂತೆ. ಓದಿ ಹೇಳಿದೆ. ಅವಳು ಕೇಳಿದಳು:

"ಸ್ವಾಮಿ, ಇದಕ್ಕೆ ನನ್ನ ಹೆಬ್ಬೆಟ್ಟೇ ಬೇಕಾ? ನಮ್ಮ ಯಜಮಾನಂದು ಆಗಲ್ವಾ?"

"ಆಗಲ್ಲ ತಾಯಿ. ನೀನು ಒಪ್ಪಿದ್ರೆ ಸಾಲ, ಇಲ್ಲಾಂದ್ರೆ ಇಲ್ಲ."

ಅವಳು ನಕ್ಕಳು. "ಸದ್ಯ, ಇದೊಂದಕ್ಕಾದ್ರೂ ನನ್ನ ಕೇಳಿದ್ರಲ್ಲ" ಅಂದಳು. ಆ ಮಳೆಯಲ್ಲಿ, ಆ ಗುಡಿಸಲಲ್ಲಿ ಹಸುಗೂಸಿನ ಜೊತೆ ಮಲಗಲು ಅವಳಿಗೆ ಮನಸ್ಸಿದೆಯೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡು ಜೀಪು ಹತ್ತಿದೆ.

ಓದುಗರೇ, ಇದನ್ನು ಒಂದು ಜನಾಂಗದ ತಪ್ಪು ಎಂದು ಬೆರಳು ತೋರಿಸಲು ಹೇಳುತ್ತಿಲ್ಲ. ನಮ್ಮ ಮನೆಯಲ್ಲೇನಿತ್ತು? ಬಾಣಂತಿ ಕೋಣೆಯ ಕಿಟಕಿಗೆ ಗೋಣಿಚೀಲ ಹೊಡೆದು ಕತ್ತಲೆ ಮಾಡುತ್ತಿದ್ದೆವು. ಬಾಯಾರಿದರೂ ನೀರು ಅಳೆದು ಕೊಡುತ್ತಿದ್ದೆವು. ಹಟ್ಟಿಯವರದು ಊರಾಚೆಯ ಗುಡಿಸಲು, ನಮ್ಮದು ಮನೆಯೊಳಗಿನ ಗುಡಿಸಲು, ಅಷ್ಟೇ ವ್ಯತ್ಯಾಸ.

ಕಾಲ ಬದಲಾಗಿದೆ, ನಿಜ. ಹಟ್ಟಿಯ ಹೆಣ್ಣುಮಕ್ಕಳು ಗಾಳಿ ಮಳೆಗೆ ನೆನೆಯಬಾರದೆಂದು ಸರ್ಕಾರ ಅನೇಕ ಕಡೆ 'ಕೃಷ್ಣ ಕುಟೀರ' ಎಂಬ ಕಟ್ಟಡಗಳನ್ನು ಕಟ್ಟಿಸಿತು. ಕೆಲವರು ಆಸರೆಯಾಯಿತು ಎಂದರು. ಪದ್ಧತಿ ಇನ್ನಷ್ಟು ಗಟ್ಟಿಯಾಯಿತು ಎಂದು ಬೇಸರಪಟ್ಟವರೂ ಇದ್ದಾರೆ. 2017ರಲ್ಲಿ ನಮ್ಮ ರಾಜ್ಯದಲ್ಲಿ ಅಮಾನವೀಯ ಪದ್ಧತಿಗಳನ್ನು ತಡೆಯುವ ಕಾನೂನು ಬಂತು. ಮುಟ್ಟಾದವರನ್ನು, ಬಸುರಿಯರನ್ನು ಬಲವಂತವಾಗಿ ಊರ ಹೊರಗಿಡುವುದು ಅದರ ಪ್ರಕಾರ ಅಪರಾಧ. ಆದರೂ 2023ರ ಮಳೆಗಾಲದಲ್ಲಿ ಪಕ್ಕದ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ, ತಾಯಿಯೊಡನೆ ಹೊರಗಿನ ಗುಡಿಸಲಲ್ಲಿದ್ದ ಹಸುಗೂಸೊಂದು ಕಾಯಿಲೆ ಬಿದ್ದು ತೀರಿಕೊಂಡಿತು. ಪತ್ರಿಕೆಯಲ್ಲಿ ಓದಿದ ದಿನ ನನಗೆ ಹಿರಿಯೂರಿನ ಆ ಕಲ್ಲು, ಅದರ ಮೇಲಿನ ಇಂಕ್ ಪ್ಯಾಡು ಕಣ್ಣಿಗೆ ಕಟ್ಟಿತು.

ಹಾಗಾದರೆ ಆಸ್ಪತ್ರೆಗೆ ಕಳಿಸಿಬಿಟ್ಟರೆ ನಮ್ಮ ಕರ್ತವ್ಯ ಮುಗಿಯಿತೇ? ಆಸ್ಪತ್ರೆ ಬೇಕೇಬೇಕು. ರಕ್ತಸ್ರಾವ, ರಕ್ತದೊತ್ತಡ, ಮಗು ಅಡ್ಡಬರುವುದು ಇವೆಲ್ಲ ಹೇಳಿ ಕೇಳಿ ಬರುವುದಿಲ್ಲ. 2001-03ರ ಸುಮಾರಿಗೆ ಕರ್ನಾಟಕದಲ್ಲಿ ಒಂದು ಲಕ್ಷ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಹಳ್ಳಿಹಳ್ಳಿಯ ಆಶಾ ಕಾರ್ಯಕರ್ತೆಯರು, 2005ರ ಜನನಿ ಸುರಕ್ಷಾ ಯೋಜನೆ, 2008ರಲ್ಲಿ ಶುರುವಾದ 108 ಆಂಬುಲೆನ್ಸು, ಹಗಲು ರಾತ್ರಿ ದುಡಿಯುವ ಡಾಕ್ಟರು, ನರ್ಸಮ್ಮಂದಿರು ಎಲ್ಲರ ಪುಣ್ಯ ಅದರಲ್ಲಿದೆ. ಜೀವ ಉಳಿಯಿತು. ಇನ್ನು ಆ ಜೀವದ ಮಾತಿಗೆ ಬೆಲೆ ಬರಬೇಕು.

ಹಿರಿಯೂರಿಗೆ ದೂರವಲ್ಲದ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ ಸೂಲಗಿತ್ತಿ ನರಸಮ್ಮ ಎಂಬ ಮಹಾತಾಯಿ ಇದ್ದರು. ಶಾಲೆಗೆ ಹೋದವರಲ್ಲ. ಅಜ್ಜಿಯಿಂದ ವಿದ್ಯೆ ಕಲಿತು, ದುಡ್ಡು ತೆಗೆದುಕೊಳ್ಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ತುಮಕೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ನಮ್ಮ ಕಡೆಯ ಸೂಲಗಿತ್ತಿಯರಲ್ಲಿ ನಾನು ಕಂಡ ದೊಡ್ಡ ಗುಣವೆಂದರೆ ಪಕ್ಕ ಬಿಟ್ಟು ಏಳದಿರುವುದು. ಬೆನ್ನು ನೀವುತ್ತಾ, "ಇನ್ನೊಂಚೂರು ಕಣವ್ವ" ಎನ್ನುತ್ತಾ ರಾತ್ರಿ ಕಳೆಯುತ್ತಿದ್ದರು. ಆಸ್ಪತ್ರೆಯ ಔಷಧಿಗೆ ಈ 'ಕಣವ್ವ' ಕೂಡಿದರೆ ಇನ್ನೇನು ಬೇಕು?

ಸಂತೋಷದ ಸಂಗತಿ ಏನೆಂದರೆ, ನಮ್ಮಾಕೆ 1979ರಲ್ಲಿ ಕೇಳಿದ್ದನ್ನೇ ಈಗ ದೊಡ್ಡವರೂ ಹೇಳುತ್ತಿದ್ದಾರೆ. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವೇಳೆ ತಾಯಿಯ ಜೊತೆಗೆ ಒಬ್ಬರು ಇರಲು ಅವಕಾಶ ಕೊಟ್ಟಿತು. 2017ರಲ್ಲಿ ಬಂದ 'ಲಕ್ಷ್ಯ' ಕಾರ್ಯಕ್ರಮ ಹೆರಿಗೆ ಕೋಣೆಯಲ್ಲಿ ತಾಯಿಯನ್ನು ಗೌರವದಿಂದ ನೋಡಿಕೊಳ್ಳಬೇಕು ಎಂದಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತಾಯಿಗೆ ಬೇಕಾದವರು ಜೊತೆಗಿರಲಿ, ತೊಂದರೆಯಿಲ್ಲದ ಹೆರಿಗೆಯಲ್ಲಿ ಅವಳು ಎದ್ದು ಓಡಾಡಲಿ, ತನಗೆ ಒಗ್ಗುವ ಹಾಗೆ ಕೂರಲಿ, ನಿಲ್ಲಲಿ ಎಂದು ಸಲಹೆ ಮಾಡಿತು. ನಾಲ್ಕು ಹೆಜ್ಜೆ ಓಡಾಡುತ್ತೇನೆ ಎಂದ ಹೊಳಲ್ಕೆರೆಯ ಹುಡುಗಿಯ ಮಾತು ತಲೆಹರಟೆಯಾಗಿರಲಿಲ್ಲ.

ಸಹಿಯ ವಿಷಯಕ್ಕೂ ಉತ್ತರ ಇದೆ. 2008ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದು ಹೆರಿಗೆಯ ಪ್ರಕರಣವಲ್ಲ. ಒಬ್ಬ ಮಹಿಳೆ ಅರಿವಳಿಕೆಯಲ್ಲಿದ್ದಾಗ ಅವರ ತಾಯಿಯ ಒಪ್ಪಿಗೆ ಪಡೆದು ದೊಡ್ಡ ಶಸ್ತ್ರಚಿಕಿತ್ಸೆ ಮಾಡಿದ್ದರು. ವಯಸ್ಸಿಗೆ ಬಂದ, ಬುದ್ಧಿ ಸ್ವಾಧೀನದಲ್ಲಿರುವ ರೋಗಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು, ತಕ್ಷಣದ ಪ್ರಾಣಾಪಾಯ ಇಲ್ಲದಾಗ ಅವರ ಬದಲಿಗೆ ಹೆತ್ತ ತಾಯಿ ಒಪ್ಪಿದರೂ ಸಾಲದು ಎಂದಿತು ಕೋರ್ಟು. ಬ್ಯಾಂಕಿನ ಕೌಂಟರಿನ ನಿಯಮವೇ! ಖಾತೆ ಯಾರದೋ ಸಹಿ ಅವರದೇ.

ಈಗ ನಮ್ಮ ಪಡಸಾಲೆಗೆ ಬರೋಣ. ಅಂದು ಕಾಫಿ ಲೋಟ ಕೆಳಗಿಟ್ಟು ಹೇಳಿದೆ: "ನಾವೆಲ್ಲ ಮಾತಾಡಿದ್ದಾಯ್ತು. ಕೂಸೇ, ನಿನಗೆ ಹೇಗೆ ಬೇಕು ಹೇಳು. ಮಧ್ಯೆ ಯಾರೂ ಬಾಯಿ ಹಾಕಬಾರದು, ನಾನೂ ಸೇರಿ."

ಅವಳು ಮೊದಲೇ ಯೋಚಿಸಿಟ್ಟುಕೊಂಡಿದ್ದಳು. ಕೇಳಲು ಯಾರೂ ಇರಲಿಲ್ಲ, ಅಷ್ಟೇ.

"ಮೂರನೇ ತಿಂಗಳಿಂದ ನನ್ನ ನೋಡ್ತಿರೋ ಡಾಕ್ಟರು ಬೆಂಗಳೂರಲ್ಲಿದ್ದಾರೆ. ನನಗೆ ಅಲ್ಲೇ ಧೈರ್ಯ. ಸಿಸೇರಿಯನ್ ಬೇಕು ಅಂತ ಅವರು ಕಾರಣ ಹೇಳಿದ್ರೆ ಮಾಡಿಸ್ಕೊಳ್ತೀನಿ. ನಕ್ಷತ್ರಕ್ಕೂ ರಜೆಗೂ ಮಾಡಿಸ್ಕೊಳ್ಳಲ್ಲ. ಒಳಗೆ ನನ್ನ ಜೊತೆ ಇವರು ಇರಬೇಕು. ಬಾಣಂತನಕ್ಕೆ ಇಲ್ಲಿಗೇ ಬರ್ತೀನಿ. ಅಜ್ಜಿ ಎರೆಯೋ ನೀರು ಬೇಕು. ಆದ್ರೆ ಕಿಟಕಿ ತೆಗೆದಿರಬೇಕು."

ಬೀಗಿತ್ತಿ ಪಂಚಾಂಗ ಮಡಚಿದರು. ಮೊಮ್ಮಗಳ ಗಂಡ ಒಂದು ಕ್ಷಣ ತಲೆತಗ್ಗಿಸಿ, "ನಾನು ಇರ್ತೀನಿ" ಅಂದ. ನನ್ನ ಮಗಳ ಕಣ್ಣಲ್ಲಿ ನೀರಿತ್ತು. ತವರಲ್ಲಿ ಮಗಳ ಹೆರಿಗೆ ಮಾಡಿಸುವ ಆಸೆಯನ್ನು ಅವಳು ಎಷ್ಟು ವರ್ಷದಿಂದ ಸಾಕಿದ್ದಳೋ. ನನಗೂ ಕೋಟೆಯ ಊರಲ್ಲಿ ಮರಿಮಗು ಹುಟ್ಟುವುದಿಲ್ಲವಲ್ಲ ಎಂಬ ನೋವು ಇದ್ದೇ ಇತ್ತು. ಸುಳ್ಳೇಕೆ ಹೇಳಲಿ, ಅದು ಇನ್ನೂ ಇದೆ. ಆದರೆ ನಮ್ಮ ಇಷ್ಟದಂತೆಯೇ ಅವಳು ಹೇಳಿದ್ದರೆ ಒಪ್ಪುವುದರಲ್ಲಿ ಏನು ದೊಡ್ಡತನವಿತ್ತು? ನಮ್ಮ ಇಷ್ಟಕ್ಕೆ ಎದುರಾಗಿ ಹೇಳಿದಾಗ ಒಪ್ಪುವುದೇ ಗೌರವ.

ಮಗಳನ್ನು ಸಮಾಧಾನ ಮಾಡಿದ್ದು ನಾನಲ್ಲ, ನಮ್ಮಾಕೆ. "ನೀನು ಹುಟ್ಟಿದ ರಾತ್ರಿ ನಮ್ಮಕ್ಕ ಬಾಗಿಲ ಆಚೆ ನಿಂತಿದ್ಲು ಕಣೇ. ನಿನ್ನ ಮಗಳಿಗೆ ಹಾಗಾಗಲ್ಲ. ಸಂತೋಷಪಡು" ಅಂದಳು. ಮಗಳಿಗೆ ಆ ರಾತ್ರಿಯ ಕಥೆ ಗೊತ್ತೇ ಇರಲಿಲ್ಲ. ಅವತ್ತು ಪೂರ್ತಿ ಕೇಳಿಸಿಕೊಂಡಳು.

ನನ್ನ ವಾರಿಗೆಯ ಅಜ್ಜ ಅಜ್ಜಿಯರಲ್ಲಿ ಒಂದು ಅರಿಕೆ. ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ನಿಮಗೆ ತಿಳಿದದ್ದನ್ನು ಧಾರಾಳವಾಗಿ ಹೇಳಿ. ಅನುಭವ ಸಣ್ಣದಲ್ಲ. ಹೇಳಿದ ಮೇಲೆ "ನಿನಗೇನನ್ನಿಸುತ್ತೆ?" ಎಂದು ಕೇಳಿ, ಉತ್ತರ ಬರುವ ತನಕ ಸುಮ್ಮನಿರಿ. ಅಪಾಯ ಇದೆ ಎಂದು ಡಾಕ್ಟರು ಹೇಳಿದರೆ ಅದನ್ನು ಅವಳಿಂದ ಮುಚ್ಚಿಡಬೇಡಿ.

ಮಕ್ಕಳೇ, ನಿಮಗೊಂದು ಕೆಲಸ. ಒನಕೆ ಓಬವ್ವನ ಕಥೆ ನಿಮಗೆಲ್ಲ ಬಾಯಿಪಾಠ. ನಿಮ್ಮ ಮನೆಯಲ್ಲೇ ಇರುವ ಓಬವ್ವನ ಕಥೆ ಗೊತ್ತೇ? ಈ ಭಾನುವಾರ ಅಜ್ಜಿಯ ಪಕ್ಕ ಕೂತು, "ಅಪ್ಪ ಹುಟ್ಟಿದ ದಿನ ನಿನ್ನ ಜೊತೆ ಯಾರಿದ್ರು? ಯಾರಿರಬೇಕು ಅಂತ ನಿನಗೆ ಆಸೆ ಇತ್ತು?" ಎಂದು ಕೇಳಿ ನೋಡಿ. ನನ್ನ ಹಾಗೆ ಮೂವತ್ತು ವರ್ಷ ಕಾಯಬೇಡಿ.

ಸಭೆ ಮುಗಿದ ಮೇಲೆ ಮೊಮ್ಮಗ ಖಾಲಿ ಬಿಟ್ಟಿದ್ದ ಜಾಗದಲ್ಲಿ ಅಕ್ಕ ಹೇಳಿದ್ದನ್ನೆಲ್ಲ ಒತ್ತಿ ಒತ್ತಿ ಬರೆದ. ಉಳಿದವರ ಸಾಲುಗಳಿಗಿಂತ ಅದೇ ಉದ್ದವಾಯಿತು. ಓದಿ ಹೇಳಿ ಅಕ್ಕನ ಸಹಿ ತೆಗೆದುಕೊಂಡ. ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿದ.

"ಅಜ್ಜ, ನೀವೆಲ್ಲಿ ಸಹಿ ಹಾಕ್ತೀರಾ?"

"ಕೆಳಗಡೆ ಹಾಕ್ತೀನಿ ಕಣಪ್ಪ. 'ಸಾಕ್ಷಿ' ಅಂತ ಬರಿ" ಅಂದೆ.

ಈ ಸಲ ಓದಿಯೇ ಸಹಿ ಹಾಕಿದೆ.